ಇಸಾಂಪುರದ ಕಲ್ಲಾಯುಧಗಳು ಮತ್ತು ಆದಿಮಾನವನ ಮಿದುಳು

ಮಿದುಳು ಮೃದುವಾದ ಅಂಗವಾದ್ದರಿಂದ ಪಳೆಯುಳಿಕೆಯಾಗಿ ಉಳಿಯುವುದು ಬಹಳ ವಿರಳ. ಅದರ ವಿಕಾಸದ ಚರಿತ್ರೆಯನ್ನು ಬರೆಯುವವರು ತಲೆಬುರುಡೆಯ ಗಾತ್ರವನ್ನೂ ಅದರ ಒಳಗೋಡೆಯಲ್ಲಿ ಮೂಡಿದ ಅಚ್ಚನ್ನೂ ನೆಚ್ಚಬೇಕಾಗುತ್ತದೆ. ಬುರುಡೆಯೂ ದೊರೆಯದ ಕಡೆ ಮಿದುಳು ನಡೆಸಿದ ಕೆಲಸದ ಗುರುತುಗಳೇ ಆಧಾರ. ಯಾದಗಿರಿ ಜಿಲ್ಲೆಯ ಹುಣಸಗಿಗೆ ಸಮೀಪದಲ್ಲಿರುವ, ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ ಇಸಾಂಪುರವು ಅಂತಹ ಗುರುತುಗಳನ್ನು ಅಪರೂಪದ ಸ್ಪಷ್ಟತೆಯಲ್ಲಿ ಉಳಿಸಿಕೊಂಡಿರುವ ನೆಲೆ.

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಸೀಮೆಯ ಪ್ರಾಚೀನತೆಯತ್ತ ಮೊದಲು ಗಮನ ಸೆಳೆದವರು 19ನೆಯ ಶತಮಾನದ ನಡುಭಾಗದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್. ಆದರೆ ಅವರು ಅಗೆಸಿದ ಬೃಹತ್ ಶಿಲಾಗೋರಿಗಳು ಬಹಳ ಈಚಿನ ಕಾಲದವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1960ರ ದಶಕದಿಂದ ದಶಕಗಳ ಕಾಲ ಇಲ್ಲಿ ಅನ್ವೇಷಣೆ ನಡೆಸಿ, ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಅಶೂಲಿಯನ್ ಸಂಸ್ಕೃತಿಯ, ಅಂದರೆ ಕೈಗೊಡಲಿಗಳನ್ನು ಪ್ರಧಾನವಾಗಿ ಬಳಸಿದ ಪೂರ್ವ ಶಿಲಾಯುಗದ, ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಇಸಾಂಪುರದ ಉತ್ಖನನ 1997ರಲ್ಲಿ ಆರಂಭವಾಯಿತು. ಅಲ್ಲಿ ದೊರೆತ ಸಸ್ಯಾಹಾರಿ ಪ್ರಾಣಿಗಳ ಹಲ್ಲಿನ ಎನಾಮಲ್‌ನಲ್ಲಿ ನೈಸರ್ಗಿಕ ವಿಕಿರಣದಿಂದ ಸೆರೆಯಾದ ಎಲೆಕ್ಟ್ರಾನುಗಳನ್ನು ಅಳೆದು, ನೆಲೆಯು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು 2002ರಲ್ಲಿ ಪ್ರಕಟಿಸಲಾಯಿತು.

ಇಸಾಂಪುರದ ವಿಶೇಷವಿರುವುದು ಈ ಪ್ರಾಚೀನತೆಗಿಂತ ಹೆಚ್ಚಾಗಿ ಅದು ಕಲ್ಲು ಕಿತ್ತು ಆಯುಧ ಮಾಡಿದ ಗಣಿಯಾಗಿರುವುದರಲ್ಲಿ. ಈ ಭಾಗದ ಮನೆಗಳಿಗೆ ಹಾಸುವ ಶಹಾಬಾದಿ ಕಲ್ಲು ಸೇರಿರುವ ಭೀಮಾ ಶಿಲಾಸಮೂಹದ ಸುಣ್ಣಕಲ್ಲೇ ಇಲ್ಲಿಯೂ ಪದರಪದರವಾಗಿ ಬಿರುಕು ಬಿಟ್ಟ ಚಪ್ಪಡಿಗಳಾಗಿ ಒದಗಿತ್ತು. ತೆಳು ಚಪ್ಪಡಿಗಳ ಅಂಚು ಕೆತ್ತಿ ನೇರವಾಗಿ ಕೈಗೊಡಲಿ ಮಾಡುತ್ತಿದ್ದರು. ದಪ್ಪನೆಯವುಗಳಿಂದ ದೊಡ್ಡ ಚಕ್ಕೆಗಳನ್ನು ಎಬ್ಬಿಸಿ, ಅಗಲ ಬಾಯಿಯ ಸೀಳುಗೊಡಲಿಗಳಿಗೆ ಬಳಸುತ್ತಿದ್ದರು. ಬಡಿಗಲ್ಲು, ಅರೆಬರೆ ಕೆಲಸ, ಸಿದ್ಧ ಆಯುಧ, ಉದುರಿದ ಚಕ್ಕೆ ಎಲ್ಲವೂ ಒಂದೇ ಕಡೆ ದೊರೆತದ್ದರಿಂದ ಕೆಲಸದ ಹಂತಗಳನ್ನು ಕ್ರಮವಾಗಿ ಮರುಜೋಡಿಸಲು ಸಾಧ್ಯವಾಯಿತು. ಮಿದುಳಿನ ಚರಿತ್ರೆಗೆ ಬೇಕಾಗಿದ್ದುದು ಈ ಕ್ರಮವೇ.

ಚಕ್ಕೆ ಎಬ್ಬಿಸಲು ಕಲ್ಲಿನ ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆಯಿರಬೇಕು, ಪೆಟ್ಟು ಅಂಚಿಗೆ ಹತ್ತಿರ ಬೀಳಬೇಕು. ಕಣ್ಣು ಗ್ರಹಿಸಿದ ಆಕಾರವನ್ನು ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರವು ಬಿಡಿಸುತ್ತದೆ. ನೆತ್ತಿಯ ಹಿಂಬದಿಯ ಪಾರ್ಶ್ವ ಹಾಲೆಯು ಅದನ್ನು ಕೈಯ ಸ್ಥಾನದೊಂದಿಗೆ ಹೊಂದಿಸುತ್ತದೆ. ಚಲನಕೇಂದ್ರದಿಂದ ಹೊರಟ ಆಜ್ಞೆ ಬೆನ್ನುಹುರಿಯ ಮೇಲ್ಗಡೆ ಬಹುಪಾಲು ಎಡಬಲ ದಾಟಿ ಎದುರುಬದಿಯ ಕೈಗೆ ತಲುಪುತ್ತದೆ. ಕಿರುಮಿದುಳು ಪೆಟ್ಟಿನ ಹದವನ್ನು ತಿದ್ದುತ್ತದೆ. ಒಂದು ಪೆಟ್ಟಿಗೆ ಇಷ್ಟು ಸಾಕು. ಆದರೆ ಚಪ್ಪಡಿಯನ್ನು ಆರಿಸುವಾಗಲೇ ಆಯುಧದ ರೂಪವನ್ನು ಮನಸ್ಸಿನಲ್ಲಿ ಹಿಡಿದು, ಅವಸರದ ಪೆಟ್ಟನ್ನು ತಡೆದು, ಮುಂದಿನ ಹಂತಕ್ಕೆ ಅಂಚನ್ನು ಸಿದ್ಧಗೊಳಿಸುವುದಕ್ಕೆ ಹಣೆಯ ಹಿಂದಿನ ಮುಂಹಾಲೆಯ ನೆರವು ಬೇಕು.

ಡೀಟ್ರಿಚ್ ಸ್ಟೌಟ್ ಮತ್ತು ಸಂಗಡಿಗರು ಇಂದಿನ ನುರಿತ ಕಲ್ಲುಕೆತ್ತುವವರ ಮಿದುಳನ್ನು ಚಿತ್ರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಳ ಚಕ್ಕೆಗಳಿಗಿಂತ ಉತ್ತರಕಾಲೀನ ಅಶೂಲಿಯನ್ ಕೈಗೊಡಲಿಯ ತಯಾರಿಕೆಯಲ್ಲಿ ಬಲ ಮುಂಹಾಲೆಯ ಕೆಳಭಾಗ ಹೆಚ್ಚು ಸಕ್ರಿಯವಾದದ್ದು ಕಂಡುಬಂತು. ಎಡಬದಿಯಲ್ಲಿ ಇದಕ್ಕೆ ಸರಿಸಮನಾದ ಭಾಗವನ್ನೇ 1861ರಲ್ಲಿ ಪಾಲ್ ಬ್ರೋಕಾ ಮಾತಿನೊಂದಿಗೆ ಜೋಡಿಸಿದ್ದರು. ಸೆರಿ ಶಿಪ್ಟನ್ ಅವರು ಇಸಾಂಪುರದ ವಿಧಾನಗಳನ್ನು ಪ್ರಯೋಗಗಳಿಂದ ಪರೀಕ್ಷಿಸಿ, ಇಷ್ಟು ಹಂತಗಳ ಕೆಲಸವು ಫಲಿತಾಂಶವನ್ನು ಕಂಡ ಮಾತ್ರಕ್ಕೆ ಬರುವಂಥದ್ದಲ್ಲ, ಮಾಡುವವರ ಕೈಚಲನೆಯನ್ನೇ ಅನುಕರಿಸಿ ಕಲಿಯಬೇಕಾದದ್ದು ಎಂದು ವಾದಿಸಿದ್ದಾರೆ. ಈ ವಾದಕ್ಕೆ ಹೆಚ್ಚಿನ ತೂಕ ಸಲ್ಲಬೇಕು, ಏಕೆಂದರೆ ಅದರ ಆಧಾರ ಕಣಿವೆಯ ಕಲ್ಲುಗಳಲ್ಲೇ ಇದೆ. ಮಿದುಳಿನ ಚಿತ್ರಗಳಾದರೋ ಸುಮಾರು 8,600 ಕೋಟಿ ನರಕೋಶಗಳಿರುವ ಆಧುನಿಕ ಮಿದುಳಿನವು. ಭಾರತದಲ್ಲಿ ದೊರೆತ ಪ್ರಾಚೀನ ಮಾನವ ಬುರುಡೆಯೆಂದರೆ 1982ರಲ್ಲಿ ಅರುಣ್ ಸೋನಾಕಿಯಾ ನರ್ಮದೆಯ ದಂಡೆಯ ಹಥನೋರಾದಲ್ಲಿ ಕಂಡದ್ದು; ಅದು ಇಸಾಂಪುರಕ್ಕಿಂತ ಬಹಳ ಈಚಿನದಾದ್ದರಿಂದ ಅದರ ಮಿದುಳಿನ ಗಾತ್ರವನ್ನು ಹುಣಸಗಿ ಕಣಿವೆಯವರಿಗೆ ಅನ್ವಯಿಸಲಾಗದು.