ಪ್ರಾಚೀನ ಪಾಕಗ್ರಂಥಗಳಲ್ಲಿ ‘ಮೆಣಸು’: ಒಂದು ಅರ್ಥವಿಚಾರ

ಖಾರವೆಂದೊಡನೆ ಮೆಣಸಿನಕಾಯಿಯನ್ನು ನೆನೆಯುವುದು ಇಂದು ನಮಗೆ ರೂಢಿಯಾಗಿದೆ. ಈ ರೂಢಿಯಿಂದಲೇ ಹಳೆಯ ಪಾಕಗ್ರಂಥಗಳ ಅರ್ಥ ಕೆಡುವ ಸಂಭವವುಂಟು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025), ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (ಸು. 1508) ಇವುಗಳಲ್ಲಿ ಮೆಣಸೆಂದರೆ ಸಂಸ್ಕೃತದ ‘ಮರೀಚ’, ಎಂದರೆ ಬಳ್ಳಿಯಲ್ಲಿ ಬಿಡುವ ಕಾಳುಮೆಣಸು ಎಂದೇ ತಿಳಿಯತಕ್ಕದ್ದು.

ಇದಕ್ಕೆ ಕಾಲವೇ ಮೊದಲ ಪ್ರಮಾಣ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಕೊಲಂಬಸನ 1492ರ ಯಾನದ ತರುವಾಯ ಅದು ಹೊರನಾಡುಗಳಿಗೆ ಪರಿಚಿತವಾಯಿತು. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದುದು 1498ರಲ್ಲಿ, ಗೋವೆಯನ್ನು ಹಿಡಿದುದು 1510ರಲ್ಲಿ. ಮಂಗರಸನ ಕಾಲಕ್ಕೆ ಅದು ಕನ್ನಡನಾಡಿನ ಅಡುಗೆಮನೆಗಳಲ್ಲಿ ನೆಲೆಯೂರಿತ್ತೆನ್ನುವುದು ಅಸಂಭವ.

ಭಾಷೆಯೂ ಇದನ್ನೇ ಹೇಳುತ್ತದೆ. ಹೊಸ ಕಾಯಿ ಹಳೆಯ ಮೆಣಸಿನ ಹೆಸರನ್ನು ಪಡೆದು ‘ಮೆಣಸಿನಕಾಯಿ’ ಆಯಿತು. ತಮಿಳಿನಲ್ಲಿ ‘ಮಿಳಗು’ವಿನಿಂದ ‘ಮಿಳಗಾಯ್’ ಆದುದೂ ಹೀಗೆಯೇ. ಬಳಿಕ ಮೂಲದ ಮೆಣಸನ್ನು ಬೇರ್ಪಡಿಸಿ ಹೇಳಲು ‘ಕರಿ’, ‘ಕಾಳು’, ಕರಾವಳಿಯಲ್ಲಿ ‘ಒಳ್ಳೆ’ ಎಂಬ ವಿಶೇಷಣಗಳು ಬೇಕಾದವು.

ಈ ನಾಮಸಂಕ್ರಮಣಕ್ಕೆ ವಸ್ತುಸಾಮ್ಯವೂ ಉಂಟು. ಮೆಣಸಿನ ಪೈಪರೀನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎರಡೂ ಬಾಯಲ್ಲಿ ಶಾಖವನ್ನು ಗ್ರಹಿಸುವ ನರಗಳನ್ನೇ ಕೆರಳಿಸುತ್ತವೆ; ಉರಿಯ ಅನುಭವಕ್ಕೆ ಅದೇ ಕಾರಣ. ಆದರೆ ಎರಡನೆಯದು ಬಹುಪಟ್ಟು ತೀಕ್ಷ್ಣ. ಮೆಣಸಿನಕಾಯಿಯ ಖಾರದ ನೆಲೆ ಬೀಜವಲ್ಲ, ಬೀಜಗಳು ಅಂಟಿರುವ ಒಳಗಿನ ಬಿಳಿಯ ತಿರುಳು. ಅದನ್ನು ತೆಗೆದರೆ ಖಾರ ತಗ್ಗುತ್ತದೆ. ಈ ಖಾರ ನೀರಿನಲ್ಲಿ ಕರಗದು, ಎಣ್ಣೆ ತುಪ್ಪಗಳಲ್ಲಿ ಕರಗುವುದು. ಆದುದರಿಂದಲೇ ಬಾಯುರಿಗೆ ನೀರಿಗಿಂತ ಹಾಲು ಮೊಸರುಗಳು ಹಿತ. ಕಾಳುಮೆಣಸಾದರೋ ಪರಿಮಳದ ದ್ರವ್ಯ. ಬಹುಕಾಲ ಕುದಿಸಿದರೆ ಆ ಪರಿಮಳ ಹಾರಿಹೋಗುವುದು. ಹೀಗಿರುವಾಗ ಹಳೆಯ ಪಾಕವನ್ನು ಪರೀಕ್ಷಿಸುವವರು ಮೆಣಸಿನ ಸ್ಥಾನದಲ್ಲಿ ಮೆಣಸಿನಕಾಯಿಯನ್ನು ಅದೇ ಪ್ರಮಾಣದಲ್ಲಿ ಹಾಕಿದರೆ ರುಚಿ, ಬಣ್ಣ, ಪರಿಮಳ ಮೂರೂ ಬೇರೆಯಾಗುತ್ತವೆ. ಕವಿ ಹೇಳಿದ ಅಡುಗೆ ಅದಾಗದು.

ಗ್ರಂಥಸಂಪಾದಕರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಈಚಿನ ಶತಮಾನಗಳ ಪ್ರತಿಯೊಂದರಲ್ಲಿ ‘ಮೆಣಸಿನಕಾಯಿ’ ಎಂಬ ಪಾಠ ದೊರೆತರೆ, ಅಷ್ಟರಿಂದಲೇ ಕೃತಿಯ ಕಾಲವನ್ನು ಈಚೆಗೆ ಎಳೆಯಲಾಗದು. ಬಳ್ಳಿಯ ಹಸಿಯ ಮೆಣಸೆಂಬ ಅರ್ಥವೂ ಆ ಶಬ್ದಕ್ಕೆ ಹೊಂದಬಲ್ಲದು. ಲಿಪಿಕಾರನು ತನ್ನ ಕಾಲದ ಬಳಕೆಯನ್ನು ಸೇರಿಸಿರಲೂಬಹುದು. ಮಂಗರಸನ ವಿಷಯದಲ್ಲಿ ಛಂದಸ್ಸು ಒಳ್ಳೆಯ ಒರೆಗಲ್ಲು. ವಾರ್ಧಕ ಷಟ್ಪದಿಯಲ್ಲಿ ಮೂರು ಮಾತ್ರೆಯ ‘ಮೆಣಸು’ ಇದ್ದೆಡೆ ಏಳು ಮಾತ್ರೆಯ ‘ಮೆಣಸಿನಕಾಯಿ’ ಬಂದರೆ ಗಣವಿಭಾಗ ಕೆಡದೆ ಇರದು. ಗದ್ಯರೂಪದ ಪಾಕವಿಧಿಗಳಿಗೆ ಈ ರಕ್ಷಣೆಯಿಲ್ಲ. ಅಲ್ಲಿ ಪಾಠಾಂತರಗಳನ್ನು ಹೆಚ್ಚು ಜಾಗರೂಕತೆಯಿಂದ ತೂಗಿನೋಡಬೇಕು.

ಅರ್ಥಕೋಶವನ್ನು ಸಿದ್ಧಪಡಿಸುವಾಗ ‘ಮೆಣಸು’ ಎಂದಷ್ಟೇ ಬರೆದು ಬಿಡದೆ ‘ಕಾಳುಮೆಣಸು, ಮರೀಚ’ ಎಂದು ಸ್ಪಷ್ಟಪಡಿಸುವುದು ಯುಕ್ತ. ಒಂದು ಶಬ್ದದ ಅರ್ಥ ತಪ್ಪಿದರೆ ನಮ್ಮ ಪೂರ್ವಿಕರ ಊಟದ ಚಿತ್ರವೇ ತಪ್ಪುತ್ತದೆ.