ಫೆರೋ–ಶೆಟ್‌ಲ್ಯಾಂಡ್ ಕಡಲ್ಗಾಲುವೆ: ಒಂದೇ ನೀರಿನ ಎರಡು ದಾಖಲೆಗಳು

ಉತ್ತರ ಅಟ್ಲಾಂಟಿಕ್‌ನಲ್ಲಿ, ಸ್ಕಾಟ್‌ಲೆಂಡಿಗೆ ಸೇರಿದ ಶೆಟ್‌ಲ್ಯಾಂಡ್ ದ್ವೀಪಗಳಿಗೂ ಡೆನ್ಮಾರ್ಕಿನ ಅರಸೊತ್ತಿಗೆಯೊಳಗೆ ಸ್ವಯಮಾಡಳಿತ ನಡೆಸುವ ಫೆರೋ ದ್ವೀಪಗಳಿಗೂ ನಡುವೆ ಸಾವಿರ ಮೀಟರಿಗೂ ಮಿಕ್ಕಿ ಆಳವಾದ ಒಂದು ಕಡಲ್ಗಾಲುವೆ ಇದೆ. 1893ರಲ್ಲಿ ಈ ನೀರಿನ ಸುತ್ತ ಎರಡು ಕೆಲಸಗಳು ಆರಂಭವಾದವು. ಎಚ್. ಎನ್. ಡಿಕ್‌ಸನ್ ಎಂಬ ವಿಜ್ಞಾನಿ 'ಜಾಕಲ್' ಹಡಗಿನಲ್ಲಿ ನಿಂತು ಕಾಲುವೆಯ ಉಷ್ಣಾಂಶವನ್ನು ಅಳೆದು, ನೀರಿನ ಮಾದರಿಗಳನ್ನು ಸಂಗ್ರಹಿಸಿದನು. ಅದೇ ವರ್ಷ ಫೆರೋ ದ್ವೀಪಗಳ ಭಾಷಾವಿದ್ವಾಂಸ ಯಾಕೊಬ್ ಯಾಕೊಬ್‌ಸನ್ (1864–1918) ಶೆಟ್‌ಲ್ಯಾಂಡಿಗೆ ಬಂದಿಳಿದು, ಅಲ್ಲಿನ ಮೀನುಗಾರರ ಬಾಯಲ್ಲಿ ಉಳಿದಿದ್ದ 'ನಾರ್ನ್' ಭಾಷೆಯ ಮಾತುಗಳನ್ನು ಬರೆದುಕೊಳ್ಳತೊಡಗಿದನು. ಉದ್ದೇಶಗಳು ಬೇರೆ, ವಿಧಾನಗಳು ಬೇರೆ. ಆದರೂ ಇವೆರಡೂ ಒಂದೇ ನೀರನ್ನು ಕುರಿತ ದಾಖಲೆಗಳೆಂಬುದನ್ನು ಸಾಗರವಿಜ್ಞಾನದ ಚರಿತ್ರೆಕಾರರಾಗಲಿ ಜಾನಪದ ವಿದ್ವಾಂಸರಾಗಲಿ ಒಟ್ಟಿಗೆ ಇಟ್ಟು ನೋಡುವುದು ಅಪರೂಪ.

ಯಾಕೊಬ್‌ಸನ್ ಬರುವ ವೇಳೆಗೆ ನಾರ್ನ್ ಆಡುಭಾಷೆಯಾಗಿ ಅಳಿದುಹೋಗಿತ್ತು. ಉಳಿದಿದ್ದವು ಬಿಡಿ ಪದಗಳು. ಅಂಥ ಸುಮಾರು ಹತ್ತು ಸಾವಿರ ಪದಗಳನ್ನು ಆತ ಕಲೆಹಾಕಿದನೆಂದು ಹೇಳಲಾಗುತ್ತದೆ. ಅವುಗಳಲ್ಲಿ ವಿಶೇಷವಾದುದು ಆಳಸಮುದ್ರದ ಮೀನುಗಾರರ ನಿಷೇಧ ಭಾಷೆ. ದೋಣಿ ದಡ ಬಿಟ್ಟ ಮೇಲೆ ನೆಲದ ಹೆಸರುಗಳನ್ನು ಉಚ್ಚರಿಸುವಂತಿರಲಿಲ್ಲ. ಪಾದ್ರಿಯನ್ನು 'ಎದ್ದು ನಿಲ್ಲುವವನು' ಎಂದೂ ಇಗರ್ಜಿಯನ್ನು 'ಪ್ರಾರ್ಥನೆಯ ಮನೆ' ಎಂದೂ ಕರೆಯಬೇಕಿತ್ತು. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ನೆಲದ ನಿಯಮ ಬೇರೆ, ನೀರಿನ ನಿಯಮ ಬೇರೆ ಎಂಬ ಎಚ್ಚರವನ್ನು ದೋಣಿಯಲ್ಲಿ ಕುಳಿತವರೆಲ್ಲರಲ್ಲೂ ಸದಾ ಜಾಗೃತವಾಗಿಡುವ ಉಪಾಯವೂ ಅದಾಗಿತ್ತು. ಇದೇ ಪರಂಪರೆಯಲ್ಲಿ 'ಮೀಡ್' ಎಂಬ ಕ್ರಮವಿತ್ತು. ದಡದ ಮೇಲಿನ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು, ಬೇರೊಂದು ದಿಕ್ಕಿನಲ್ಲಿ ಮತ್ತೆರಡು ಗುರುತುಗಳ ಗೆರೆಯನ್ನು ಹಿಡಿದು, ಗೆರೆಗಳು ಕೂಡುವೆಡೆಯಲ್ಲಿ ಬಲೆಯನ್ನೋ ಗಾಳವನ್ನೋ ಇಳಿಸುವುದು ಆ ಕ್ರಮ. ಮಂಜು ಕವಿದು ಗುರುತುಗಳು ಕಾಣದಾದಾಗ 'ಮೋಡರ್ ಡೈ', ಅಂದರೆ 'ತಾಯಿ ಅಲೆ', ನೆರವಿಗೆ ಬರುತ್ತಿತ್ತು. ಗಾಳಿಯೆಬ್ಬಿಸಿದ ಮೇಲಲೆಗಳ ಕೆಳಗೆ ದಡದ ಕಡೆಗೆ ಸಾಗುವ ಮೂಲ ಅಲೆಯೊಂದಿದೆ, ಅನುಭವಿಗೆ ಅದು ದೋಣಿಯ ತಳದಲ್ಲಿ ತಿಳಿಯುತ್ತದೆ ಎಂಬುದು ಆ ಪದದ ಹಿಂದಿನ ತಿಳಿವಳಿಕೆ. ಇವೆಲ್ಲವೂ ಒಂದೇ ತಾಣಕ್ಕೆ ಮತ್ತೆ ಮತ್ತೆ ಹೋಗಿ ಗಳಿಸಿದ ಜ್ಞಾನ.

ಕಾಲುವೆಯ ಆಚೆ ದಡದ ಫೆರೋ ದ್ವೀಪಗಳಲ್ಲಿ ಈ ಜ್ಞಾನ ಸ್ಥಳನಾಮಗಳಿಗೂ ಇಳಿದಿದೆ. ಅತ್ಯಂತ ದೊಡ್ಡ ದ್ವೀಪದ ಹೆಸರು 'ಸ್ಟ್ರೇಮೊಯ್'. ಪ್ರವಾಹಗಳ ದ್ವೀಪ ಎಂದು ಅದರ ಅರ್ಥ. ದ್ವೀಪಗಳ ನಡುವಣ ಇಕ್ಕಟ್ಟಾದ ಸಂದುಗಳಲ್ಲಿ ಉಬ್ಬರವಿಳಿತದ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಪೂರ್ವಕ್ಕೆ ಹರಿಯುವುದು 'ಎಯ್ಸ್ಟ್‌ಫಾಲ್', ಪಶ್ಚಿಮಕ್ಕೆ ಹರಿಯುವುದು 'ವೆಸ್ಟ್‌ಫಾಲ್'. ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ ನೀರಿನ ಏರಿಳಿತ ಅತ್ಯಲ್ಪವಾದರೂ ಸಂದುಗಳಲ್ಲಿ ಸೆಳೆತ ಮಾತ್ರ ಪ್ರಬಲ. ಹೀಗಾಗಿ ನೀರು ಎಷ್ಟು ಏರಿತು ಎಂಬುದಕ್ಕಿಂತ ಯಾವ ಕಡೆ ಓಡುತ್ತಿದೆ ಎಂಬುದೇ ಹುಟ್ಟು ಹಾಕುವವನಿಗೆ ಮುಖ್ಯವಾಯಿತು. ಪಾದ್ರಿ ಲೂಕಾಸ್ ಡೇಬೆಸ್ 1673ರಲ್ಲಿ ಪ್ರಕಟಿಸಿದ ಫೆರೋ ವರ್ಣನೆಯಲ್ಲಿ, ದಕ್ಷಿಣ ತುದಿಯ 'ಮುಂಕ್' (ಸನ್ಯಾಸಿ) ಎಂಬ ಬಂಡೆಯ ಬಳಿಯ ಸುಳಿ ಆಗಲೇ ಬರವಣಿಗೆಗೆ ಬಂದಿತ್ತು.

ಪ್ರವಾಹದಂತೆಯೇ ಉಪ್ಪನ್ನು ಕುರಿತೂ ಈ ಸೀಮೆಯಲ್ಲಿ ಕತೆಯಿದೆ. ಹದಿಮೂರನೆಯ ಶತಮಾನದಲ್ಲಿ ಐಸ್‌ಲೆಂಡಿನ ಸ್ನೋರಿ ಸ್ಟುರ್ಲುಸನ್ ದಾಖಲಿಸಿದಂತೆ, ಫ್ರೋದಿ ಎಂಬ ಅರಸನ ಬಳಿ 'ಗ್ರೊಟ್ಟಿ' ಎಂಬ ಮಾಯದ ಬೀಸುಕಲ್ಲಿತ್ತು. ಫೆನ್ಯ ಮತ್ತು ಮೆನ್ಯ ಎಂಬ ಇಬ್ಬರು ದೈತ್ಯ ದಾಸಿಯರು ಬಿಡುವಿಲ್ಲದೆ ಅದನ್ನು ತಿರುಗಿಸುತ್ತಿದ್ದರು. ಅವರು ಹಾಡುತ್ತಲೇ ಅರಸನ ವಿರುದ್ಧ ಸೈನ್ಯವನ್ನು ಬೀಸಿ ತೆಗೆದರು. ಗೆದ್ದುಬಂದ ಕಡಲರಸ ಮೀಸಿಂಗ್ ಹಡಗಿನಲ್ಲಿ ಅವರಿಂದ ಉಪ್ಪನ್ನು ಬೀಸಿಸಿದನು. ಹಡಗು ಭಾರಕ್ಕೆ ಮುಳುಗಿತು. ಕಲ್ಲಿನ ಕಣ್ಣಿನೊಳಗೆ ನೀರು ಧುಮುಕುವಲ್ಲಿ ಸುಳಿಯುಂಟಾಯಿತು, ಸಮುದ್ರ ಉಪ್ಪಾಯಿತು. ಆರ್ಕ್‌ನಿ ಮತ್ತು ಸ್ಕಾಟ್‌ಲೆಂಡಿನ ನಡುವಣ ಸ್ಟ್ರೋಮಾ ದ್ವೀಪದ ಬಳಿಯ 'ಸ್ವೆಲ್ಕಿ' ಸುಳಿಯೇ ಅದೆಂದು ಸ್ಥಳೀಯರು ಗುರುತಿಸಿದರು. ಬೀಸುವ ಪದಗಳನ್ನು ಬಲ್ಲ ಕನ್ನಡ ಓದುಗರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಹೆಂಗಳೆಯರು ಬೀಸುಕಲ್ಲನ್ನು ಹರಸಿ, ತವರನ್ನು ನೆನೆದು ಹಾಡುತ್ತಾರೆ. ಗ್ರೊಟ್ಟಿಯ ಹಾಡು ಸೆರೆಯಾಳುಗಳ ಶಾಪದ ಹಾಡು.

ಇದೇ ಉಪ್ಪು ಸಂಖ್ಯೆಯಾಗಿ ಮಾರ್ಪಟ್ಟುದು ಡೆನ್ಮಾರ್ಕಿನ ಭೌತವಿಜ್ಞಾನಿ ಮಾರ್ಟಿನ್ ಕ್ನುಡ್‌ಸನ್‌ನ ಕೈಯಲ್ಲಿ. 1895–96ರ 'ಇಂಗೋಲ್ಫ್' ಯಾತ್ರೆಯಲ್ಲಿ ಫೆರೋ ಸುತ್ತಣ ನೀರನ್ನು ಪರೀಕ್ಷಿಸಿದ್ದ ಆತ 1901ರಲ್ಲಿ ತನ್ನ ಜಲಶಾಸ್ತ್ರೀಯ ಕೋಷ್ಟಕಗಳನ್ನು ಪ್ರಕಟಿಸಿದನು. ಬೆಳ್ಳಿಯ ನೈಟ್ರೇಟಿನಿಂದ ಕ್ಲೋರೈಡನ್ನು ಅಳೆದು ಲವಣತೆಯನ್ನು ಲೆಕ್ಕಹಾಕುವ ಕ್ರಮ ಅದು. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ಒಂದೇ ಅಳತೆಗೋಲಿಗೆ ಬದ್ಧವಾಗಲೆಂದು ಗಾಜಿನ ಕೊಳವೆಗಳಲ್ಲಿ ಮುಚ್ಚಿದ 'ಪ್ರಮಾಣ ನೀರ'ನ್ನು ಹಂಚಲಾಯಿತು. ಇದಿಲ್ಲದಿದ್ದರೆ ಮುಂದಿನ ನೂರು ವರ್ಷಗಳ ಅಂಕಿಗಳು ಒಂದಕ್ಕೊಂದು ಹೋಲಿಸಲಾಗದೆ ಬಿಡಿಬಿಡಿಯಾಗಿ ಉಳಿಯುತ್ತಿದ್ದವು.

ಇಷ್ಟರಲ್ಲಿ ಕಾಲುವೆಯ ಒಡಲಿನ ರಹಸ್ಯವೂ ಬಯಲಾಗಿತ್ತು. 1868ರಲ್ಲಿ 'ಲೈಟ್ನಿಂಗ್' ಹಡಗಿನಲ್ಲಿ ಬಂದ ಕಾರ್ಪೆಂಟರ್ ಮತ್ತು ವೈವಿಲ್ ಥಾಮ್ಸನ್, ಒಂದೇ ಆಳದಲ್ಲಿ ಅಕ್ಕಪಕ್ಕದಲ್ಲೇ ಬೆಚ್ಚನೆಯ ನೀರೂ ಹಿಮದಷ್ಟು ತಣ್ಣನೆಯ ನೀರೂ ಇರುವುದನ್ನು ಕಂಡು ಬೆರಗಾದರು. ನಡುವೆ ಗೋಡೆಯೊಂದಿರಬೇಕೆಂಬ ಊಹೆಯನ್ನು 'ನೈಟ್ ಎರಂಟ್' (1880), 'ಟ್ರೈಟನ್' (1882) ಯಾತ್ರೆಗಳು ದೃಢಪಡಿಸಿದವು. ಕಡಲ ತಳದ ಆ ದಿಬ್ಬಕ್ಕೆ ಥಾಮ್ಸನ್‌ನ ಹೆಸರೇ ನಿಂತಿತು. ಮೇಲೆ ಅಟ್ಲಾಂಟಿಕ್‌ನ ಬೆಚ್ಚನೆಯ, ಹೆಚ್ಚು ಉಪ್ಪಿನ ನೀರು ಈಶಾನ್ಯಕ್ಕೆ ಸಾಗುತ್ತದೆ. ತಳದಲ್ಲಿ ಶೂನ್ಯಕ್ಕಿಂತ ಕಡಿಮೆ ಉಷ್ಣಾಂಶದ ಭಾರದ ನೀರು ಅದಕ್ಕೆ ವಿರುದ್ಧವಾಗಿ ಹರಿದು, ಫೆರೋ ದಂಡೆಯ ಕಾಲುವೆಯ ಮೂಲಕ ಅಟ್ಲಾಂಟಿಕ್‌ನ ಆಳಕ್ಕೆ ಇಳಿಯುತ್ತದೆ. ದೋಣಿಯವರ ಪದಕೋಶ ಮೇಲ್ಮೈಯ ಪ್ರತಿ ಸೆಳೆತವನ್ನೂ ಹೆಸರಿಟ್ಟು ಕರೆದಿತ್ತು. ಈ ತಳದ ಹೊಳೆ ಅದರ ಅಳವಿನ ಆಚೆಗಿತ್ತು.

1902ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಂತಾರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿ ಸ್ಥಾಪನೆಯಾದ ಮೇಲೆ ಸ್ಕಾಟ್‌ಲೆಂಡಿನ ಪಾಲಿನ ಕೆಲಸ ಡಾರ್ಸಿ ಥಾಂಪ್ಸನ್‌ನ ಮೇಲ್ವಿಚಾರಣೆಗೆ ಬಂದಿತು. ಕಾಲುವೆಯನ್ನು ಅಡ್ಡಹಾಯುವ ಎರಡು ಗೆರೆಗಳು ಕ್ರಮೇಣ ಸ್ಥಿರಗೊಂಡವು: ಒಂದು ಫೇರ್ ಐಲ್‌ನಿಂದ ಮುಂಕೆನ್‌ಗೆ, ಇನ್ನೊಂದು ನೋಲ್ಸೋದಿಂದ ಫ್ಲುಗ್ಗಾಕ್ಕೆ. ಮುಂಕೆನ್ ಎಂಬುದು ಡೇಬೆಸ್ ಬರೆದ ಸನ್ಯಾಸಿ ಬಂಡೆಯೇ. ಫ್ಲುಗ್ಗಾ ಎಂದರೆ ಶೆಟ್‌ಲ್ಯಾಂಡಿನ ಉತ್ತರ ತುದಿಯ ಬಂಡೆ. ಹೆರ್ಮಾ ಮತ್ತು ಸಾಕ್ಸಾ ಎಂಬ ದೈತ್ಯರು ಒಬ್ಬಳೇ ಮತ್ಸ್ಯಕನ್ಯೆಗಾಗಿ ಪರಸ್ಪರ ಎಸೆದ ಕಲ್ಲುಗಳಲ್ಲಿ ಒಂದು. ಉತ್ತರ ಧ್ರುವದವರೆಗೆ ತನ್ನನ್ನು ಹಿಂಬಾಲಿಸಿದವನನ್ನು ವರಿಸುವೆನೆಂದು ಅವಳು ಹೇಳಿದಳು. ಈಜು ಬಾರದ ಇಬ್ಬರೂ ಮುಳುಗಿದರು. ಜನಪದರು ಗುರುತಿಟ್ಟ ಬಂಡೆಗಳೇ ವಿಜ್ಞಾನದ ಗೆರೆಗಳಿಗೂ ತುದಿಗಳಾದುವು. ಮೀಡ್ ಕ್ರಮದಲ್ಲಿದ್ದಂತೆ ಇಲ್ಲಿಯೂ ತಾಣ ಬದಲಾಗಬಾರದೆಂಬುದೇ ಮೊದಲ ನಿಯಮ.

ನಿಯಮ ಸುಲಭ, ಪಾಲನೆ ಕಷ್ಟ. ಎರಡು ಮಹಾಯುದ್ಧಗಳು ಸರಣಿಯನ್ನು ತುಂಡರಿಸಿದವು. ಸೀಸೆ ಮತ್ತು ತಿರುಗುಮುರುಗಾಗುವ ಉಷ್ಣಮಾಪಕಗಳ ಜಾಗಕ್ಕೆ ವಿದ್ಯುದ್ವಾಹಕತೆಯಿಂದ ಲವಣತೆಯನ್ನು ತಿಳಿಯುವ ಉಪಕರಣಗಳು ಬಂದವು. 1978ರಲ್ಲಿ ಲವಣತೆಯ ವ್ಯಾಖ್ಯೆಯೇ ಬದಲಾಯಿತು. ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಇಡುವಾಗ, ಪಾಠಾಂತರಗಳನ್ನು ತೂಗಿನೋಡುವ ಗ್ರಂಥಸಂಪಾದಕನ ಎಚ್ಚರವೇ ಬೇಕಾಗುತ್ತದೆ.

ಈ ಎಚ್ಚರ ಎಷ್ಟು ಅಗತ್ಯವೆಂಬುದು ತಳದ ಹೊಳೆಯ ವಿಚಾರದಲ್ಲಿ ಸ್ಪಷ್ಟವಾಯಿತು. 1995ರ ನವೆಂಬರಿನಿಂದ ಫೆರೋದ ವಿಜ್ಞಾನಿಗಳು ಶಬ್ದದ ಅಲೆಗಳಿಂದ ನೀರಿನ ವೇಗವನ್ನು ಅಳೆಯುವ ಉಪಕರಣಗಳನ್ನು ಫೆರೋ ದಂಡೆಯ ಕಾಲುವೆಯಲ್ಲಿ ಇಳಿಸಿದರು. ವರ್ಷಕ್ಕೊಮ್ಮೆ ಮೇಲೆತ್ತಿ ದುರಸ್ತಿ ಮಾಡುವ ಕೆಲವು ವಾರಗಳನ್ನು ಬಿಟ್ಟರೆ ಮಾಪನ ನಿರಂತರ. 2001ರಲ್ಲಿ ಬೋಗಿ ಹಾನ್ಸನ್, ಟರೆಲ್ ಮತ್ತು ಓಸ್ಟರ್‌ಹುಸ್ 'ನೇಚರ್' ಪತ್ರಿಕೆಯಲ್ಲಿ ಆತಂಕಕಾರಿಯಾದ ನಿರ್ಣಯವೊಂದನ್ನು ಪ್ರಕಟಿಸಿದರು: 1950ರಿಂದೀಚೆಗೆ ಈ ಹರಿವು ಕನಿಷ್ಠ ಶೇಕಡ 20ರಷ್ಟು ಕುಗ್ಗಿದೆ. ನೇರ ಮಾಪನ ಆಗ ಐದು ವರ್ಷಗಳದ್ದು. ಉಳಿದ ಕಾಲವನ್ನು ನಾರ್ವೆ ಸಮುದ್ರದ 'ಎಂ' ಹವಾಮಾನ ಹಡಗಿನ ದೀರ್ಘ ದಾಖಲೆಯ ಆಧಾರದಿಂದ ಊಹಿಸಲಾಗಿತ್ತು. ಯುರೋಪಿನ ಹವೆಯನ್ನು ಬೆಚ್ಚಗಿಡುವ ಅಟ್ಲಾಂಟಿಕ್ ಪರಿಚಲನೆಯ ಒಂದು ಬೇರು ಈ ಹೊಳೆಯಾದ್ದರಿಂದ ಸುದ್ದಿ ದೂರ ಹಬ್ಬಿತು. ಆದರೆ 2008ರಲ್ಲಿ, ಅವರಲ್ಲೇ ಇಬ್ಬರು ಭಾಗಿಗಳಾಗಿದ್ದ ಇನ್ನೊಂದು ಪ್ರಬಂಧ 1948ರಿಂದ 2005ರವರೆಗೆ ಗಮನಾರ್ಹ ಇಳಿಕೆ ಕಾಣುವುದಿಲ್ಲವೆಂದಿತು. 2016ರ ಪ್ರಬಂಧವು 1995–2015ರ ಇಪ್ಪತ್ತು ವರ್ಷಗಳ ನೇರ ಮಾಪನವನ್ನು ಮುಂದಿಟ್ಟಿತು: ಸರಾಸರಿ ಹರಿವು ಸೆಕೆಂಡಿಗೆ ಸುಮಾರು 22 ಲಕ್ಷ ಘನ ಮೀಟರು, ಅಂದರೆ ಜಗತ್ತಿನ ನದಿಗಳೆಲ್ಲ ಸೇರಿ ಸಮುದ್ರಕ್ಕೆ ತರುವ ನೀರಿಗಿಂತ ಹೆಚ್ಚು, ಇಳಿಕೆಯಿಲ್ಲ. ಬದಲಾದದ್ದು ಬೇರೆಯದು: ತಳದ ನೀರು ಸುಮಾರು 0.1 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಾಗಿದೆ, ಅದರ ಉಪ್ಪೂ ಏರಿದೆ.

ಐದು ವರ್ಷಗಳ ಸಾಲು ಹೇಳಿದ್ದನ್ನು ಇಪ್ಪತ್ತು ವರ್ಷಗಳ ಸಾಲು ಹೇಳಲಿಲ್ಲ. ನಡುವೆ ಹಣವಿಲ್ಲವೆಂದೋ ಉತ್ತರ ಸಿಕ್ಕಿತೆಂದೋ ಮಾಪನ ನಿಂತಿದ್ದರೆ 2001ರ ನಿರ್ಣಯವೇ ಪಠ್ಯಪುಸ್ತಕಗಳಲ್ಲಿ ನೆಲೆಯೂರುತ್ತಿತ್ತು. ಯಾಕೊಬ್‌ಸನ್‌ಗೆ ಇಂಥ ಮರುಪರೀಕ್ಷೆಯ ಅವಕಾಶ ಇರಲಿಲ್ಲ. ಆತ ಬರೆದುಕೊಂಡ ಪದವೊಂದರ ಉಚ್ಚಾರಣೆಯ ಬಗ್ಗೆ ಇಂದು ಸಂದೇಹ ಬಂದರೆ ಕೇಳಿ ತಿಳಿಯಲು ಅದನ್ನಾಡುವವರು ಯಾರೂ ಇಲ್ಲ. ನೀರಿನ ಕಡೆ ಮಾತ್ರ ಹಡಗು ಮತ್ತೆ ಹೋಗುತ್ತದೆ. ದಶಕಗಳ ಕಾಲ ಈ ಕೆಲಸ ಮಾಡಿದ ಫೆರೋದ 'ಮಾಗ್ನುಸ್ ಹೈನಾಸನ್' ಹಡಗಿನ ಸ್ಥಾನಕ್ಕೆ 2020ರಲ್ಲಿ 'ಯಾಕುಪ್ ಸ್ವೆರ್ರಿ' ಎಂಬ ಹೊಸ ಹಡಗು ಬಂದಿತು.