ಹಿತ್ತಲಲ್ಲಿ ಡಿಶ್ ಕಟ್ಟಿ ಆಕಾಶದ ಸದ್ದು ಕೇಳಿದ ಗ್ರೋಟ್ ರೆಬರ್ ಯಾರು?

ಗೌರಿಬಿದನೂರಿನ ಹತ್ತಿರ ಬಯಲಲ್ಲಿ ಸಾಲಾಗಿ ನಿಂತಿರೋ ಆಂಟೆನಾಗಳ ಬಗ್ಗೆ ನಮ್ಮ ಜಿಲ್ಲೆಯ ಎಷ್ಟೋ ಜನರಿಗೆ ಗೊತ್ತು. ಅವು ಮೊಬೈಲ್ ಟವರ್ ಅಲ್ಲ, ಕರೆಂಟ್ ಸ್ಟೇಷನ್ನೂ ಅಲ್ಲ. ಸೂರ್ಯ, ನಕ್ಷತ್ರಗಳ ಕಡೆಯಿಂದ ಬರುವ ರೇಡಿಯೋ ಅಲೆ ಹಿಡಿಯುವ ದೂರದರ್ಶಕಗಳು. ಜಗತ್ತಿನಲ್ಲಿ ಈ ಕೆಲಸ ಶುರುವಾದ ಹೊಸತರಲ್ಲಿ ಇದನ್ನು ಹೆಚ್ಚುಕಮ್ಮಿ ಒಬ್ಬರೇ ಮಾಡಿಕೊಂಡು ಬಂದವರು ಅಮೆರಿಕದ ಗ್ರೋಟ್ ರೆಬರ್. ಅವರು ಪ್ರೊಫೆಸರ್ ಆಗಿರಲಿಲ್ಲ. ರೇಡಿಯೋ ಕಂಪನಿಯ ಇಂಜಿನಿಯರ್, ಅಷ್ಟೇ.

ರೆಬರ್ ಹುಟ್ಟಿದ್ದು 1911ರ ಡಿಸೆಂಬರ್ 22ರಂದು. ಬೆಳೆದಿದ್ದು ಶಿಕಾಗೋ ಪಕ್ಕದ ವೀಟನ್ ಎಂಬ ಊರಲ್ಲಿ. ಹುಡುಗನಾಗಿದ್ದಾಗಲೇ ಹ್ಯಾಮ್ ರೇಡಿಯೋ ಹುಚ್ಚು. 1933ರಲ್ಲಿ ಇಂಜಿನಿಯರಿಂಗ್ ಮುಗಿಸಿದರು. ಅದೇ ಹೊತ್ತಿಗೆ ಬೆಲ್ ಲ್ಯಾಬ್ಸ್‌ನ ಕಾರ್ಲ್ ಜಾನ್ಸ್ಕಿ ಎಂಬುವರು ಒಂದು ವಿಚಿತ್ರ ಸಂಗತಿ ಪ್ರಕಟಿಸಿದ್ದರು. ಅವರ ಆಂಟೆನಾಗೆ ಬರುತ್ತಿದ್ದ ಒಂದು 'ಸುಸ್' ಎಂಬ ಸದ್ದು ದಿನಕ್ಕೊಮ್ಮೆ ಜೋರಾಗುತ್ತಿತ್ತು. ಆದರೆ 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ. ನಕ್ಷತ್ರಗಳು ಮತ್ತೆ ಅದೇ ಜಾಗಕ್ಕೆ ಬರೋದು ಇದೇ ಲೆಕ್ಕದಲ್ಲಿ. ಅಂದರೆ ಸದ್ದು ಭೂಮಿಯದ್ದಲ್ಲ, ಆಕಾಶಗಂಗೆಯದ್ದು!

ರೆಬರ್ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಕೇಳಿದರು. ಆಗ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ, ಕೆಲಸ ಸಿಗಲಿಲ್ಲ. ಸರಿ, ನಾನೇ ಮಾಡ್ತೀನಿ ಅಂತ 1937ರಲ್ಲಿ ಮನೆ ಪಕ್ಕದ ಖಾಲಿ ಜಾಗದಲ್ಲಿ ಸುಮಾರು 31 ಅಡಿ ಅಗಲದ ಡಿಶ್ ಕಟ್ಟಿದರು. ಮರದ ಚೌಕಟ್ಟು, ಮೇಲೆ ತಗಡು, ತಿರುಗಿಸೋಕೆ ಹಳೇ ಫೋರ್ಡ್ ಕಾರಿನ ಬಿಡಿಭಾಗ. ದುಡ್ಡು ಸ್ವಂತದ್ದು. ಇವತ್ತು ಮನೆ ಮನೆ ಮೇಲಿರೋ ಟಿವಿ ಡಿಶ್ಶಿನ ದೊಡ್ಡಣ್ಣ ಅನ್ನಿ. ಮಳೆ ಬಂದರೆ ನಡುವಿನ ತೂತಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಇದು ಮಳೆ ನೀರು ಹಿಡಿಯೋ ಯಂತ್ರ ಅಂತ ಅಕ್ಕಪಕ್ಕದವರು ಮಾತಾಡಿಕೊಂಡರಂತೆ. ತಾಯಿ ಅದಕ್ಕೇ ಬಟ್ಟೆ ಒಣಹಾಕುತ್ತಿದ್ದರು ಅನ್ನೋ ಮಾತೂ ಇದೆ.

ಹಗಲು ಶಿಕಾಗೋದಲ್ಲಿ ಡ್ಯೂಟಿ, ರಾತ್ರಿ ಡಿಶ್ ಮುಂದೆ. ಹಗಲಲ್ಲಿ ಓಡಾಡುವ ಕಾರುಗಳ ಸ್ಪಾರ್ಕ್‌ಪ್ಲಗ್ ಸದ್ದು ರಿಸೀವರ್ ಕೆಡಿಸುತ್ತಿದ್ದುದರಿಂದ ರಾತ್ರಿಯೇ ಬೇಕಿತ್ತು. ಮೊದಲು 3,300 ಮೆಗಾಹರ್ಟ್ಜ್‌ನಲ್ಲಿ ಕೇಳಿದರು, ಏನೂ ಇಲ್ಲ. 900ರಲ್ಲಿ ಕೇಳಿದರು, ಅಲ್ಲೂ ಇಲ್ಲ. ಎರಡು ಸಲವೂ ರಿಸೀವರ್ ಹೊಸದಾಗಿ ಮಾಡಬೇಕಾಯಿತು. ಕೊನೆಗೆ 160 ಮೆಗಾಹರ್ಟ್ಜ್‌ನಲ್ಲಿ ಆಕಾಶಗಂಗೆ ಸಿಕ್ಕಿತು. 1940ರಲ್ಲಿ ಖಗೋಳ ವಿಜ್ಞಾನದ ದೊಡ್ಡ ಪತ್ರಿಕೆಗೆ ಲೇಖನ ಕಳಿಸಿದಾಗ ಇದನ್ನು ನಂಬೋದು ಹೇಗೆ ಅನ್ನುವ ಅನುಮಾನ ಅಲ್ಲಿಯವರಿಗೆ. ಸಂಪಾದಕ ಒಟ್ಟೋ ಸ್ಟ್ರೂವ್ ಧೈರ್ಯ ಮಾಡಿ ಹಾಕಿದರು. 1944ರಲ್ಲಿ ರೆಬರ್ ಆಕಾಶದ ರೇಡಿಯೋ ನಕ್ಷೆಯನ್ನೇ ಪ್ರಕಟಿಸಿದರು.

ಇಲ್ಲಿಗೇ ನಿಲ್ಲಿಸಿದ್ದರೂ ಹೆಸರು ಉಳೀತಿತ್ತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವರ ಜೀವನದ ಎರಡನೇ ಅರ್ಧ.

ಆಕಾಶದ ಕನ್ನಡಿ

ಮೊದಲು ಅಯಾನುಗೋಳ ಅಂದರೇನು ನೋಡೋಣ. ನೆಲದಿಂದ ಸುಮಾರು 60–80 ಕಿಲೋಮೀಟರ್ ಮೇಲಿಂದ ಶುರುವಾಗಿ ನೂರಾರು ಕಿಲೋಮೀಟರ್‌ವರೆಗೆ ಹಬ್ಬಿರುವ ಪದರ ಇದು. ಸೂರ್ಯನ ಅತಿನೇರಳೆ ಕಿರಣ, ಎಕ್ಸ್‌ರೇ ಬಿದ್ದು ಅಲ್ಲಿನ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡಿರುತ್ತವೆ. ಕಡಿಮೆ ಫ್ರೀಕ್ವೆನ್ಸಿಯ ರೇಡಿಯೋ ಅಲೆಗೆ ಈ ಪದರ ಕನ್ನಡಿ ಇದ್ದಂಗೆ, ಬಡಿದು ವಾಪಸ್ ಬರುತ್ತದೆ. ಹಿಂದೆ ಶಾರ್ಟ್‌ವೇವ್‌ನಲ್ಲಿ ಸಿಲೋನ್ ರೇಡಿಯೋ ನಮ್ಮೂರ ಅಂಗಡಿಗಳಲ್ಲಿ ಕೇಳಿಸುತ್ತಿದ್ದುದು ಇದೇ ಕನ್ನಡಿಯ ದಯೆ. ಎಫ್ಎಂ ಅಲೆ ಇದನ್ನು ತೂರಿ ಹೋಗಿಬಿಡುತ್ತದೆ. ಅದಕ್ಕೇ ಬೆಂಗಳೂರು ಎಫ್ಎಂ ಸ್ವಲ್ಪ ದೂರ ಹೋದರೆ ಸಿಗಲ್ಲ.

ಕನ್ನಡಿಗೆ ಎರಡು ಮುಖ ಇದೆಯಲ್ಲ? ಕೆಳಗಿಂದ ಹೋದದ್ದು ಕೆಳಕ್ಕೆ ಬಂದ ಹಾಗೆ, ಆಕಾಶದಿಂದ ಬಂದದ್ದು ಆಕಾಶಕ್ಕೇ ಹೋಗುತ್ತದೆ. ಹಾಗಾಗಿ ತೀರಾ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಬ್ರಹ್ಮಾಂಡ ನಮಗೆ ಕೇಳಿಸೋದೇ ಇಲ್ಲ. 1970ರ ದಶಕದಲ್ಲಿ ಗೌರಿಬಿದನೂರಲ್ಲಿ ಕಟ್ಟಿದ ಮೊದಲ ದೊಡ್ಡ ಆಂಟೆನಾ ವ್ಯವಸ್ಥೆ 34.5 ಮೆಗಾಹರ್ಟ್ಜ್‌ನದು. ಆ ಅಲೆ ಪದರ ದಾಟಿ ಬರುತ್ತದೆ, ಆದರೂ ದಾಟುವಾಗ ಸ್ವಲ್ಪ ಬಾಗಿ, ಅಲುಗಾಡಿ ಬರುತ್ತದೆ. ರೆಬರ್ ಕೈ ಹಾಕಿದ್ದು ಅದಕ್ಕಿಂತ ಎಷ್ಟೋ ಕೆಳಗೆ, ಸುಮಾರು 2 ಮೆಗಾಹರ್ಟ್ಜ್‌ಗೆ!

ಅವರ ಲೆಕ್ಕ ಹೀಗಿತ್ತು. ಎಲೆಕ್ಟ್ರಾನು ಕಳಚೋದು ಬಿಸಿಲಿಂದ, ಹಾಗಾದರೆ ಬಿಸಿಲು ಕಮ್ಮಿ ಇರೋ ಹೊತ್ತು ಹುಡುಕಬೇಕು. ರಾತ್ರಿ ಬೇಕು, ಅದೂ ಚಳಿಗಾಲದ ಉದ್ದ ರಾತ್ರಿ. ಜೊತೆಗೆ 11 ವರ್ಷಕ್ಕೊಮ್ಮೆ ಏರಿ ಇಳಿಯುವ ಸೂರ್ಯನ ಕಲೆಗಳು ಕಡಿಮೆ ಇರೋ ವರ್ಷ. ಇದೆಲ್ಲ ಕೂಡಿ ಬರುವ ಜಾಗ ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯಾ ದ್ವೀಪ. 1954ರಲ್ಲಿ ಅಲ್ಲಿಗೇ ಹೋದರು. ಅಲ್ಲಿನ ವಿಜ್ಞಾನಿ ಎಲ್ಲಿಸ್ ಜೊತೆ ಸೇರಿ 1 ಮೆಗಾಹರ್ಟ್ಜ್ ಆಸುಪಾಸಿನಲ್ಲೂ ಆಕಾಶದ ಸದ್ದು ಅಳೆದರು. 1960ರ ದಶಕದಲ್ಲಿ ಬಾತ್‌ವೆಲ್ ಎಂಬ ಊರಿನ ಹತ್ತಿರ ಕುರಿ ಮೇಯುವ ಜಮೀನಲ್ಲಿ 192 ಡೈಪೋಲ್ ಆಂಟೆನಾ ಹಾಕಿದರು. ಆ ಕಡೆಯಿಂದ ಈ ಕಡೆಗೆ ಒಂದು ಕಿಲೋಮೀಟರ್ ಮೇಲೆ. 2.085 ಮೆಗಾಹರ್ಟ್ಜ್ ಅಂದರೆ ಒಂದೊಂದು ಅಲೆಯೇ 144 ಮೀಟರ್ ಉದ್ದ, ಸಣ್ಣ ಆಂಟೆನಾಗೆ ಸಿಗಲ್ಲ.

1985ರಲ್ಲಿ ಇನ್ನೊಂದು ಪ್ರಯೋಗಕ್ಕೂ ಸೇರಿದರು. ಪದರ ತೆಳ್ಳಗಾಗಲಿ ಅಂತ ಕಾಯೋದ್ಯಾಕೆ, ತೂತು ಮಾಡಿದರೆ? ಅಮೆರಿಕದ ಚಾಲೆಂಜರ್ ನೌಕೆ ಟ್ಯಾಸ್ಮೇನಿಯಾದ ಮೇಲೆ ಹಾದಾಗ ಎಂಜಿನ್ ಉರಿಸಿತು. ಹೊರಬಿದ್ದ ನೀರಾವಿ ಅಲ್ಲಿನ ಎಲೆಕ್ಟ್ರಾನುಗಳನ್ನು ಬೇಗ ಮತ್ತೆ ಕೂಡಿಸಿಬಿಡುತ್ತದೆ. ಸ್ವಲ್ಪ ಹೊತ್ತು ಅಯಾನುಗೋಳಕ್ಕೇ ಕಿಂಡಿ ಬಿತ್ತು, ಕೆಳಗಿದ್ದವರಿಗೆ 1.7 ಮೆಗಾಹರ್ಟ್ಜ್‌ನಲ್ಲಿ ಆಕಾಶ ಕೇಳಿಸಿತು. ಆ ವರದಿ ಬರೆದವರ ಪಟ್ಟಿಯಲ್ಲಿ ರೆಬರ್ ಹೆಸರೂ ಇದೆ. ಆಗ ಅವರ ವಯಸ್ಸು 73.

ಅವರು ಹೇಳಿದ್ದೆಲ್ಲ ಸರಿ ಅಂತಲ್ಲ. ಮಹಾಸ್ಫೋಟದಿಂದ ಬ್ರಹ್ಮಾಂಡ ಹುಟ್ಟಿತು ಅನ್ನೋದನ್ನು ಅವರು ಕೊನೆವರೆಗೂ ಒಪ್ಪಲಿಲ್ಲ. ಅದರಲ್ಲಿ ಅವರ ಪರ ನಿಂತ ವಿಜ್ಞಾನಿಗಳು ತೀರಾ ಕಮ್ಮಿ. ಇನ್ನು ಹುರುಳಿಕಾಯಿ ಬಳ್ಳಿ ಒಂದೇ ದಿಕ್ಕಿಗೆ ಸುತ್ತುತ್ತದಲ್ಲ, ಅದನ್ನು ಬಿಚ್ಚಿ ಉಲ್ಟಾ ಸುತ್ತಿ ಫಸಲು ಏನಾಗುತ್ತೆ ಅಂತಲೂ ಪರೀಕ್ಷೆ ಮಾಡಿ ಲೇಖನ ಬರೆದಿದ್ದರು. ನಮ್ಮ ರೈತರು ಯಾರಾದರೂ ಮಾಡಿ ನೋಡಬಹುದು.

2002ರ ಡಿಸೆಂಬರ್ 20ರಂದು, 91 ತುಂಬೋಕೆ ಎರಡು ದಿನ ಇದ್ದಾಗ, ಟ್ಯಾಸ್ಮೇನಿಯಾದಲ್ಲೇ ತೀರಿಕೊಂಡರು. ಚಿತಾಭಸ್ಮದ ಒಂದು ಭಾಗ ಬಾತ್‌ವೆಲ್‌ನಲ್ಲಿದೆ, ಉಳಿದದ್ದನ್ನು ಬೇರೆ ಬೇರೆ ದೇಶಗಳ ರೇಡಿಯೋ ವೀಕ್ಷಣಾಲಯಗಳಿಗೆ ಹಂಚಿದರು. ವೀಟನ್‌ನಲ್ಲಿ ಕಟ್ಟಿದ ಡಿಶ್ ಈಗ ಅಮೆರಿಕದ ಗ್ರೀನ್ ಬ್ಯಾಂಕ್ ವೀಕ್ಷಣಾಲಯದಲ್ಲಿದೆ.